ಕೌದಿಗೆ ಉಣಿಸಿದ ಊರು

ಟಿಕ್, ಟಿಕ್, ಟಿಕಟಿಕ್. ಸೊಂಟದ ಪಟ್ಟಿಗೆ ಕಟ್ಟಿದ ಜಪಸರದ ಮರದ ಮಣಿಗಳು ಕೀಲಿಕೈ ಗೊಂಚಲಿಗೆ ತಾಗುವ ಸದ್ದು. ಸಿರ್ಸಿಯ ಕಾನ್ವೆಂಟಿನ ಬೋರ್ಡಿಂಗಿನಲ್ಲಿ ನಾವು ಹುಡುಗಿಯರು ಸಿಸ್ಟರುಗಳನ್ನು ಮುಖ ಕಾಣುವ ಮೊದಲೇ ಕಿವಿಯಿಂದ ಗುರುತಿಸುತ್ತಿದ್ದೆವು. ಒಬ್ಬರ ಬೂಟು ಕಿರ್‌ಗುಟ್ಟುತ್ತಿತ್ತು, ಇನ್ನೊಬ್ಬರು ಸದಾ ಮೂಗು ಸೇದುತ್ತಿದ್ದರು. ಮಣಿಗಳು ಹೀಗೆ ಟಿಕಟಿಕ ಎಂದರೆ ಸಿಸ್ಟರ್ ಮೋನಿಕಾ ಬಂದರೆಂದೇ ಲೆಕ್ಕ. ಕಾರಿಡಾರಿನ ಆ ತುದಿಯಲ್ಲಿ ಸದ್ದು ಕೇಳಿದೊಡನೆ ದಿಂಬಿನಡಿಗೆ ಹುಣಸೆಹಣ್ಣು ಹೋಗುತ್ತಿತ್ತು, ಕೈಗೆ ಗ್ರಾಮರ್ ಪುಸ್ತಕ ಬರುತ್ತಿತ್ತು.

ಎಪ್ಪತ್ತು ದಾಟಿದ ಮೇಲೆ ನಾನು ಸಮುದ್ರ ದಾಟಿ ಆಸ್ಟ್ರೇಲಿಯಕ್ಕೆ ಹೋದದ್ದು ಈ ಸಿಸ್ಟರ್ ಮೋನಿಕಾ ಅವರಿಗೆ ಒಂದು ಕೌದಿ ಕೊಟ್ಟು ಬರಲು. ಅದೊಂದೇ ಕೆಲಸ. ಅದು ಎಷ್ಟು ಕಷ್ಟವಾಯಿತು ಎಂಬುದೇ ಈ ಕಥೆ.

ಯಲ್ಲಾಪುರ

ನಾವು ಸಿದ್ದಿಗಳು. ಎಷ್ಟೋ ತಲೆಮಾರುಗಳ ಹಿಂದೆ ಆಫ್ರಿಕದಿಂದ ಹಡಗಿನಲ್ಲಿ ಬಂದು, ಯಲ್ಲಾಪುರದ ಕಾಡಿನಲ್ಲಿ ನೆಲೆನಿಂತವರ ಮಕ್ಕಳ ಮಕ್ಕಳು. ನಮ್ಮಲ್ಲಿ ಇಗರ್ಜಿಗೆ ಹೋಗುವವರಿದ್ದಾರೆ, ಮಸೀದಿಗೆ ಹೋಗುವವರಿದ್ದಾರೆ, ದೇವಸ್ಥಾನಕ್ಕೆ ಹೋಗುವವರೂ ಇದ್ದಾರೆ. ನಾನು ಫಿಲೋಮಿನ, ಇಗರ್ಜಿಯವಳು, ರಿಟೈರ್ಡ್ ಪ್ರೈಮರಿ ಟೀಚರ್. ನನಗಿಂತ ನಾಲ್ಕಾರು ವರ್ಷ ದೊಡ್ಡವಳಾದ ಖತೀಜಕ್ಕ ಮಸೀದಿಯ ಕಡೆಯವಳು. ಲಕ್ಷ್ಮಿ ತನ್ನ ಮನೆಯ ಮುಂದಿನ ತುಳಸಿಗೆ ನೀರು ಹಾಕದೆ ಚಹಾ ಕುಡಿಯುವವಳಲ್ಲ. ನಮ್ಮ ಮೂವರ ಮುತ್ತಜ್ಜಿ ಮಾತ್ರ ಒಬ್ಬಳೇ. ವರ್ಷಕ್ಕೊಮ್ಮೆ ಆಕೆಯ ಹೆಸರಿನಲ್ಲಿ ತೆಂಗಿನಕಾಯಿ ಇಡುವಾಗ ಮೂವರೂ ಒಂದೇ ಚಾಪೆಯ ಮೇಲೆ ಕೂರುತ್ತೇವೆ.

ಸಿಸ್ಟರ್ ಮೋನಿಕಾ ಹರೆಯದಲ್ಲೇ ಆಸ್ಟ್ರೇಲಿಯದಿಂದ ಸಿರ್ಸಿಗೆ ಬಂದವರು. ಕಾನ್ವೆಂಟಿನ ಹಿಂದಿನ ಮನೆಯ ಹೆಗಡೇರ ಹೆಂಡತಿ ಅವರಿಗೆ ಕನ್ನಡ ಕಲಿಸಿದ್ದರು. ಹಾಗಾಗಿ ಆ ಬಿಳಿಯ ಸನ್ಯಾಸಿನಿ ಆಡುವುದು ಅಪ್ಪಟ ಹವ್ಯಕ ತೋಟದ ಮನೆಯ ಕನ್ನಡ. ಬೇಡದ್ದನ್ನು ಕೊಳ್ಳುವುದಿಲ್ಲವೆಂದು ಬಾಜಾರಿನಲ್ಲಿ ಅವರು "ಎಂಗೆ ಬೇಡದಿದ್ದು, ಆನು ತಗತ್ನಿಲ್ಲೆ" ಎಂದರೆ ಸೊಪ್ಪು ಮಾರುವವಳು ತಕ್ಕಡಿ ಕೆಳಗಿಟ್ಟು ನಗುತ್ತಿದ್ದಳು. ಆಗೆಲ್ಲ ಅವರು ಜೀಪಿನಲ್ಲಿ ನಮ್ಮ ಹಳ್ಳಿಗಳಿಗೆ ಬಂದು ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸಿ ಎಂದು ಗೋಗರೆಯುತ್ತಿದ್ದರು. ನನ್ನನ್ನು ಹಾಗೆಯೇ ಕರೆದೊಯ್ದದ್ದು. ಒಮ್ಮೆ ಜೀಪು ಹಳ್ಳದಲ್ಲಿ ಸಿಕ್ಕಿಕೊಂಡು, ಜ್ವರ ಬಂದು, ಖತೀಜಕ್ಕನ ತಾಯಿಯ ಮನೆಯಲ್ಲಿ ಎರಡು ದಿನ ಮಲಗಿದ್ದರಂತೆ. ಆಕೆ ಹೊದೆಸಿದ್ದು ತನ್ನ ಕೈಯಾರೆ ಹೊಲಿದ ಕೌದಿ.

ನನಗೆ ಎಪ್ಪತ್ತು ದಾಟುವ ಹೊತ್ತಿಗೆ ಸಿಸ್ಟರ್ ತಮ್ಮ ದೇಶಕ್ಕೆ ಮರಳಿ, ತೊಂಬತ್ತರ ಹತ್ತಿರ ಬಂದಿದ್ದರು. ಅವರ ತಂಗಿಯ ಮಗಳು ಹೆಲೆನ್ ಸಿರ್ಸಿಯ ಕಾನ್ವೆಂಟಿನ ಮೂಲಕ ನನ್ನ ಫೋನ್ ನಂಬರ್ ಹುಡುಕಿ ವಿಡಿಯೋ ಕಾಲ್ ಮಾಡಿದಳು. ಪರದೆಯಲ್ಲಿ ಬರೀ ಒಂದು ಹಣೆ ಮತ್ತು ಸೀಲಿಂಗು ಕಾಣುತ್ತಿತ್ತು. ಸ್ವರ ಮಾತ್ರ ಅವರದೇ.

"ಫಿಲೋಮಿನ, ಇಲ್ಲಿ ಹೊದಿಕೆ ಕಾಗದದ ಹಾಂಗೆ ಇದ್ದು. ಭಾರವೇ ಇಲ್ಲೆ. ಎಂಗೆ ನಿದ್ದೆ ಬತ್ತಿಲ್ಲೆ. ಖತೀಜನ ಆಯಿ ಹೊದೆಸಿದ ಕೌದಿ ನೆನಪಾಗ್ತು."

ನಾನು ಕೊರಿಯರ್ ಮಾಡುತ್ತೇನೆ ಎಂದೆ. ಬೇಡ, ನೀವೇ ಬನ್ನಿ ಎಂದು ಹೆಲೆನ್ ನನಗೂ ಖತೀಜಕ್ಕನಿಗೂ ಟಿಕೆಟ್ ಕಳಿಸುವುದಾಗಿ ಹೇಳಿದಳು. ಆಮೇಲೆ, ಸಿಸ್ಟರಿಗೆ ಕೇಳದಂತೆ ಅಡುಗೆಮನೆಗೆ ಹೋಗಿ, "ಬೇಗ ಬನ್ನಿ, ಡಾಕ್ಟರ್ ಹೆಚ್ಚು ದಿನ ಕೊಡುತ್ತಿಲ್ಲ" ಎಂದಳು.

ಕೌದಿ ಹೊಲಿಯುವುದನ್ನು ನೋಡದವರಿಗಾಗಿ ಇಷ್ಟು ಹೇಳುತ್ತೇನೆ. ಹಳೆಯ ಸೀರೆ ಹಾಸಿ, ಮೇಲೆ ಬಣ್ಣ ಬಣ್ಣದ ತುಂಡುಗಳನ್ನಿಟ್ಟು, ಅಂಚಿನಿಂದ ಶುರುಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರಬೇಕು. ನಾಲ್ಕು ಮೂಲೆಗೆ ಮಡಿಸಿದ ಬಟ್ಟೆಯ ಹೂ ಇಡುತ್ತೇವೆ, ಅದು ಫೂಲಾ. ಫೂಲಾ ಇಲ್ಲದ ಕೌದಿ ಬತ್ತಲೆ. ಕೊನೆಗೆ ನಡುವಿನಲ್ಲಿ ಒಂದು ಬಾಯಿ ಉಳಿಯುತ್ತದೆ. ಅದರೊಳಗೆ ಕೊಡುವವರ ಮನೆಯ ಒಂದು ಚಿಟಿಕೆ ಧಾನ್ಯ ಹಾಕಿ ಬಾಯಿ ಹೊಲಿದರೆ ಕೌದಿಯ ಹೊಟ್ಟೆ ತುಂಬಿತು. ಅದನ್ನು ಹೊದ್ದವರಿಗೆ ಹಸಿವಿಲ್ಲ.

ಮೂವರೂ ಖತೀಜಕ್ಕನ ಜಗಲಿಯಲ್ಲಿ ಕೂತು ಹೊಲಿದೆವು. ನಾನು ನೀಲಿ ಬಟ್ಟೆಯಲ್ಲಿ ಶಿಲುಬೆ ಇಟ್ಟೆ. ಖತೀಜಕ್ಕ ಹಸಿರಿನಲ್ಲಿ ಚಂದ್ರ, ಲಕ್ಷ್ಮಿ ಕೆಂಪಿನಲ್ಲಿ ಗಂಟೆ. ಖತೀಜಕ್ಕನೂ ನಾನೂ ಒಳಗೆ ಅಕ್ಕಿ ಹಾಕಿದೆವು. ಲಕ್ಷ್ಮಿಗೆ ಅಷ್ಟು ಸಾಲದು. ನಾನು ಮೊದಲು ಟೀಚರಾಗಿದ್ದ ಮನ್ಮನೆ ಎಂಬ ಊರಿನಿಂದ ಶಿಷ್ಯರು ವರ್ಷವೂ ನನಗೆ ಹೊಸ ಭತ್ತದ ತೆನೆ ಕಳಿಸುತ್ತಾರೆ. ಅದರಿಂದ ನಾಲ್ಕು ಕಾಳು ಬಿಡಿಸಿ ತಂದಳು.

"ಅಕ್ಕಿ ಸತ್ತದ್ದು ಮಾರಾಯ್ತಿ. ಅಷ್ಟು ದೂರ ಹೋಗೂದು, ಜೀವ ಇರೂದೇ ಇರ್ಲಿ."

"ಅಲ್ಲಿ ಹೋಗಿ ಸಸಿ ಬಂದ್ರೆ ಎಂತ ಮಾಡ್ತೀಯೇ?" ಎಂದು ಖತೀಜಕ್ಕ ಕೇಳಿದಳು.

"ಗದ್ದೆ ಮಾಡ್ಲಿ ಆ ಸಿಸ್ಟರು. ಕೂತು ಕೂತು ಬೇಜಾರಾಗಿರ್ತದೆ."

ಮಂಡಿನೋವಿನ ಲಕ್ಷ್ಮಿ ಊರಿನಲ್ಲೇ ಉಳಿದಳು. ನಾವಿಬ್ಬರು ಹೊರಟೆವು.

ವಿಮಾನ ಇಳಿದ ಮೇಲೆ

ಸಾಲಿನಲ್ಲಿ ನಿಂತಾಗ ಹಿಂದಿನ ಹೆಂಗಸು ಪ್ರೀತಿಯಿಂದಲೇ ಕೇಳಿದಳು, ಆಫ್ರಿಕದ ಯಾವ ದೇಶ ನಿಮ್ಮದು ಎಂದು. "ಯಲ್ಲಾಪುರ" ಎಂದೆ. ಆಕೆ ಗೊತ್ತಿರುವವಳಂತೆ ತಲೆಯಾಡಿಸಿ, ಅಲ್ಲಿ ಈಗ ಪರಿಸ್ಥಿತಿ ಹೇಗಿದೆ ಎಂದಳು. ರಸ್ತೆ ಸ್ವಲ್ಪ ಹಾಳಾಗಿದೆ ಎಂದು ಹೇಳಿದೆ. ಸುಳ್ಳೇನಲ್ಲವಲ್ಲ.

ಮುಂದೆ ಪರದೇಶದ ಆಹಾರ, ಬೀಜ, ಗಿಡ ಒಳಗೆ ಬಾರದಂತೆ ನೋಡುವವರ ಮೇಜು. ಅಲ್ಲಿದ್ದವನು ಯೂನಿಫಾರ್ಮಿನ ಬಣ್ಣದ್ದೇ ಪೇಟ ಕಟ್ಟಿದ ಸಿಖ್ ಯುವಕ. ಕಾನ್ವೆಂಟಿನಲ್ಲಿ ಕಲಿತವಳು ನಾನು, ಡಿಕ್ಲೇರ್ ಮಾಡುವುದರಲ್ಲಿ ಫಸ್ಟ್ ಕ್ಲಾಸ್. ಅಪ್ಪೆಮಿಡಿ ಉಪ್ಪಿನಕಾಯಿ ತೆಗೆದಿಟ್ಟೆ. ಹಲಸಿನ ಹಪ್ಪಳ ತೆಗೆದಿಟ್ಟೆ. ಖತೀಜಕ್ಕನ ಎಲೆಅಡಿಕೆ ಸಂಚಿಯನ್ನು ಅವಳ ಸೊಂಟದಿಂದ ಕಸಿದು ಇಟ್ಟೆ.

"ಎನಿ ಸೀಡ್ಸ್, ಮಾ?"

"ನೋ ಸೀಡ್ಸ್, ಸನ್. ನಥಿಂಗ್ ಎಟ್ ಆಲ್."

ಈ ಮಾತನ್ನು ನಾನು ತಲೆಯೆತ್ತಿ, ಎಲೊಕ್ಯೂಷನ್ ಪ್ರೈಜ್ ತೆಗೆದುಕೊಂಡ ಸ್ವರದಲ್ಲಿ ಹೇಳಿದೆ. ಕೌದಿಯೊಳಗಿನದು ನನ್ನ ತಲೆಗೆ ಬರಲೇ ಇಲ್ಲ. ಅದು ಬೀಜವಲ್ಲ, ಆಹಾರವೂ ಅಲ್ಲ, ಕೌದಿಯ ಹೊಟ್ಟೆ. ನಿಮ್ಮ ಜಠರದಲ್ಲಿ ಬೆಳಗಿನ ಇಡ್ಲಿ ಇದೆಯೆಂದು ಯಾರಾದರೂ ಡಿಕ್ಲೇರ್ ಮಾಡುತ್ತಾರೆಯೇ?

ಯಂತ್ರದೊಳಗೆ ಹೋದ ಕೌದಿ ಬೇಗ ಹೊರಗೆ ಬರಲಿಲ್ಲ. ಹುಡುಗ ಪರದೆ ನೋಡಿದ, ಕೌದಿಯನ್ನು ಹೊರಗೆಳೆದು ಅದರ ನಡುವನ್ನು ಬೆರಳಿನಿಂದ ಒತ್ತಿದ. ಕಾಳು ಅವನಿಗೂ ತಾಗಿತು, ನನಗೂ ಆಗ ನೆನಪು ತಾಗಿತು. ಅವನು ಮೆಲ್ಲಗೆ ಹೇಳಿದ: ಹೊಟ್ಟಿರುವ ಭತ್ತ ಮೊಳೆಯುವಂಥದ್ದು, ಒಳಗೆ ಬಿಡುವಂತಿಲ್ಲ. ಕೊಯ್ದು ತೆಗೆಯಬೇಕು, ಇಲ್ಲವಾದರೆ ಕೌದಿಯನ್ನೇ ಇಲ್ಲಿ ಬಿಟ್ಟು ಹೋಗಬೇಕು. ಬಿಟ್ಟರೆ ಸುಡುತ್ತಾರೆ.

ನಾನು ಇಂಗ್ಲಿಷಿನಲ್ಲಿ ಒಂದು ಸಣ್ಣ ಭಾಷಣ ಮಾಡಿದೆ. ಕಸ್ಟಮ್, ಹೆರಿಟೇಜ್, ಸೆಂಟಿಮೆಂಟ್ ಎಲ್ಲ ಬಂತು. ಅವನು ಪೂರ್ತಿ ಕೇಳಿ, ಕತ್ತರಿ ತಂದ. ಆಗ ಖತೀಜಕ್ಕ ಮುಂದೆ ಬಂದಳು. ಅವಳ ಉರ್ದುವಿಗೂ ಅವನ ಹಿಂದಿಗೂ ಸರಿಹೊಂದಿತು.

"ಕತ್ತರಿ ಒಳಗಿಡು ಮಗಾ. ನಿನ್ನ ರೂಲು ನೀನು ನೋಡ್ಕೋ. ಹೊಲಿಗೆ ನಂದು, ನಾನೇ ಬಿಚ್ತೆ."

ಅಷ್ಟು ಹೇಳಿ ಆ ಹೊಳೆಯುವ ನೆಲದ ಮೇಲೆ ಕಾಲು ಚಾಚಿ ಕೂತೇಬಿಟ್ಟಳು. ಕೌದಿ ಹರಡಿದಳು. ತಲೆಯ ಬಿಳಿ ದುಪ್ಪಟ್ಟಾ ಸರಿಪಡಿಸಿ, ಅದರ ಪಿನ್ನು ತೆಗೆದು, ನಡುವಿನ ಹೊಲಿಗೆಯನ್ನು ಒಂದೊಂದಾಗಿ ಎತ್ತತೊಡಗಿದಳು. ದಾರ ಕಡಿಯಲಿಲ್ಲ. ಸಾಲಿನಲ್ಲಿದ್ದವರು ಒಬ್ಬೊಬ್ಬರಾಗಿ ತಮ್ಮ ಟ್ರಾಲಿ ಬಿಟ್ಟು ಬಂದು ಸುತ್ತ ನಿಂತರು. ಒಬ್ಬಾಕೆ ಬಗ್ಗಿ ಫೂಲಾವನ್ನು ಮುಟ್ಟಿ ನೋಡಿ, ಇದನ್ನು ನೀವೇ ಮಾಡಿದ್ದೇ ಎಂದು ಕೇಳಿದಳು. "ಯೆಸ್. ವೀ ತ್ರೀ ಸಿಸ್ಟರ್ಸ್" ಎಂದೆ. ನನ್ನ ಎದೆ ಆ ಕೌದಿಯಷ್ಟೇ ಅಗಲವಾಗಿತ್ತು. ವಿಮಾನ ನಿಲ್ದಾಣದಲ್ಲಿ ನೆಲದ ಮೇಲೆ ಕೂತು, ತಪ್ಪಿತಸ್ಥಳಂತೆ ಕಾಣದ ಹೆಂಗಸನ್ನು ನಾನು ಮೊದಲ ಸಲ ನೋಡಿದೆ.

ಅವನು ಹಿಡಿದ ತಟ್ಟೆಗೆ ಅಕ್ಕಿಯೂ ಭತ್ತವೂ ಬೆರೆತೇ ಬಿದ್ದವು, ಎರಡನ್ನೂ ಇಟ್ಟುಕೊಂಡ. "ಮಾಫ್ ಕರ್ನಾ, ಮಾಜಿ" ಎಂದ.

"ನೀನು ಉಂಡಿದ್ದೀಯನಾ?" ಎಂದು ಖತೀಜಕ್ಕ ಅವನನ್ನು ಕೇಳಿದಳು. ಇಲ್ಲ, ಡ್ಯೂಟಿ ಮುಗಿಯಬೇಕು ಎಂದ. "ನೋಡು, ನೀನೂ ಹಸಿದಿದ್ದಿ, ಇದೂ ಹಸೀತು" ಎಂದು ಕೌದಿ ಮಡಿಸಿದಳು.

ಹೆಲೆನ್‌ಳ ಕಾರು

ಸಿಸ್ಟರುಗಳ ಮನೆ ಇದ್ದದ್ದು ಅಡಿಲೇಡಿನಾಚೆಯ ಗುಡ್ಡಗಳ ನಡುವಿನ ಒಂದು ಸಣ್ಣ ಊರಿನಲ್ಲಿ. ನಮ್ಮ ಸಿರ್ಸಿಯಾಚೆಯ ದಾಸನಕೊಪ್ಪದ ರಸ್ತೆಯ ಹಾಗೆ ಎರಡೂ ಬದಿ ಬಯಲು, ಆದರೆ ದಾರಿಯಲ್ಲಿ ಒಂದು ಚಹಾದ ಅಂಗಡಿಯಿಲ್ಲ, ಹಾರ್ನ್ ಇಲ್ಲ, ಕೋಳಿ ಅಡ್ಡ ಬರುವುದಿಲ್ಲ. ನನಗೆ ನಿದ್ದೆ ಬರುವಷ್ಟು ಶಿಸ್ತು.

ನಡೆದದ್ದನ್ನು ಕೇಳಿ ಹೆಲೆನ್ ಸಲೀಸಾಗಿ ಹೇಳಿದಳು, "ಅಷ್ಟೇ ತಾನೆ? ನನ್ನ ಮನೆಯಲ್ಲಿ ಅಕ್ಕಿ ಇದೆ. ಹಾಕಿ ಹೊಲಿದುಬಿಡಿ."

ನಾನು ತರ್ಜುಮೆ ಮಾಡಿದೆ. ಖತೀಜಕ್ಕ ಕಿಟಕಿಯಾಚೆ ನೋಡುತ್ತ ತಲೆಯಲ್ಲಾಡಿಸಿದಳು. "ಕೊಡೋರ ಮನೆ ಅಕ್ಕಿ ಆಗ್ಬೇಕು. ಅವಳದ್ದು ಹಾಕಿದ್ರೆ ಅವಳು ಕೊಟ್ಟ ಹಂಗಾಯ್ತು. ನಾವು ಬಂದದ್ದು ಎಂತಕ್ಕೆ?"

"ನಮ್ಮ ಮನೆ ಇಲ್ಲಿ ಎಲ್ಲಿಂದ ತರೂದು ಖತೀಜಕ್ಕ?"

"ಅದೇ ನೋಡ್ತಿದ್ದೆ."

"ಸಿಸ್ಟರಿಗೆ ಹುಷಾರಿಲ್ಲ. ಮುಂದಿನ ವಾರ ನಾವು ವಾಪಸ್."

"ಹಸಿದದ್ದನ್ನ ಹೊದ್ಕೊಂಡು ಅವ್ರು ಹೋದ್ರೆ, ಹಸಿವಲ್ಲೇ ಹೋದ ಹಂಗೆ. ಅದು ಬೇಕನೇ ನಿಂಗೆ?"

ನನಗೆ ಸಿಟ್ಟು ಬಂದಿತ್ತು, ಮತ್ತು ಅವಳು ಹೇಳಿದ್ದು ಸರಿಯೆಂದು ಗೊತ್ತೂ ಇತ್ತು.

ಸಿಸ್ಟರುಗಳ ಮನೆ

ಬೋರ್ಡಿಂಗಿನಲ್ಲಿ ನಮಗೊಂದು ದೊಡ್ಡ ಚರ್ಚೆಯ ವಿಷಯವಿತ್ತು, ಸಿಸ್ಟರುಗಳಿಗೆ ಕೂದಲು ಇದೆಯೋ ಇಲ್ಲವೋ ಎಂದು. ತಲೆವಸ್ತ್ರದ ಹೊರಗೆ ಒಂದೆಳೆ ಕಂಡವರಿಲ್ಲ. ಆದ್ದರಿಂದ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಸ್ವೆಟರು ತೊಟ್ಟು ಕೂತಿದ್ದ, ಹತ್ತಿಯಂಥ ಬಿಳಿ ಕೂದಲಿನ ಮುದುಕಿಯನ್ನು ಹೆಲೆನ್ ತೋರಿಸಿದಾಗ ನಾನು ಬೇರೆ ಕಡೆ ನೋಡಿದೆ. ದೊಡ್ಡವರು ಸ್ನಾನ ಮಾಡುವಾಗ ಬಾಗಿಲು ತೆರೆದಂತಾಯಿತು. ಹ್ಯಾಬಿಟ್ ಎಂಬ ಆ ಉದ್ದ ನಿಲುವಂಗಿ ಇಲ್ಲ, ತಲೆವಸ್ತ್ರ ಇಲ್ಲ, ಸೊಂಟದಲ್ಲಿ ಮಣಿಸರ ಇಲ್ಲ. ಸ್ವೆಟರಿನ ಮೇಲೆ ಕಡಲೆಕಾಳಿನಷ್ಟು ದೊಡ್ಡ ಬೆಳ್ಳಿಯ ಶಿಲುಬೆ ಮಾತ್ರ.

"ಫಿಲೋಮಿನ ಬಂತನ?" ಎಂದರು. ಕಣ್ಣು ಹೆಚ್ಚು ಕಡಿಮೆ ಹೋಗಿತ್ತು. ಕೈ ಚಾಚಿ ನನ್ನ ಮುಖ ಮುಟ್ಟಿದರು, ಬಳೆ ಮುಟ್ಟಿದರು, ಅವರ ಅಂಗಳದಲ್ಲೇ ಕೊಯ್ದು ಮುಡಿದಿದ್ದ ಹೂ ಮೂಸಿದರು. "ಹ್ಯಾಬಿಟ್ ಇಲ್ಲೆ ಹೇಳಿ ಬೇಜಾರಾತಾ?"

ಹೌದು ಎಂದೆ. ಅವರ ಮುಂದೆ ಸುಳ್ಳು ಹೇಳುವ ಅಭ್ಯಾಸ ಈಗಲೂ ಇಲ್ಲ.

"ಅದನ್ನು ಹಾಕ್ಯಂಡ್ರೆ ಬಸ್ಸಲ್ಲಿ ಎಲ್ಲರೂ ಎದ್ದು ಜಾಗ ಕೊಡ್ತಿದ್ದ. ಎಂಗೆ ನಿಂತ್ಕಂಡು ಹೋಪದು ಖುಷಿ. ಅದಕ್ಕೆ ಬಿಟ್ಟೆ."

ಖತೀಜಕ್ಕನ ಕೈಯನ್ನು ಹಿಡಿದು ಬಹಳ ಹೊತ್ತು ಬಿಡಲಿಲ್ಲ. ಬೆರಳ ತುದಿಯ ಸೂಜಿಗಂಟು ಸವರಿ, "ನಿನ್ನ ಆಯಿ ಕೈಯೇ ಇದು" ಎಂದರು. ಆಮೇಲೆ ಕೇಳಿದರು, "ಎನ್ನ ಕೌದಿ ಎಲ್ಲಿದ್ದು?"

ನಾನು ಏನೋ ಸುತ್ತಿ ಬಳಸಿ ಹೇಳಲು ಹೊರಟೆ. ಖತೀಜಕ್ಕ ಬಿಡಲಿಲ್ಲ. "ಬಂದದೆ ಸಿಸ್ಟರ್. ಏರ್‌ಪೋರ್ಟಲ್ಲಿ ಹೊಟ್ಟೆ ಖಾಲಿ ಮಾಡಿದ್ರು. ತುಂಬೂ ತಂಕ ಕೊಡೂದಿಲ್ಲ."

"ಎನ್ನ ಹೊಟ್ಟೆಯೂ ಖಾಲಿಯೇ, ಊಟ ಸೇರ್ತಿಲ್ಲೆ. ಇಬ್ರೂ ಒಟ್ಟಿಗೆ ಇರ್ತ್ಯ, ಕೊಡು."

"ಇಲ್ಲ."

ಸಿಸ್ಟರ್ ಮೋನಿಕಾ ಅವರಿಗೆ ಯಾರೋ 'ಇಲ್ಲ' ಎಂದದ್ದನ್ನು ನಾನು ಕಂಡಿರಲಿಲ್ಲ. ಅವರು ಕುರ್ಚಿಗೊರಗಿ ನಕ್ಕರು, ಕೆಮ್ಮು ಬರುವಷ್ಟು. "ರೂಲ್ ಈಸ್ ರೂಲ್" ಎಂದರು. ಆದರೆ ಮರುದಿನವೂ ಕೇಳಿದರು, ಅದರ ಮರುದಿನವೂ. ನಿದ್ದೆಯಿಲ್ಲದ ಮುಖ ದಿನದಿಂದ ದಿನಕ್ಕೆ ಚಿಕ್ಕದಾಗುತ್ತಿತ್ತು. ನಾವು ಉಳಿದುಕೊಂಡ ಕೋಣೆಯಲ್ಲಿ ಕೌದಿ ಬಾಯಿ ತೆರೆದುಕೊಂಡು ಮಂಚದ ಮೇಲೆ ಬಿದ್ದಿತ್ತು. ಖತೀಜಕ್ಕ ಅದರ ಪಕ್ಕದಲ್ಲೇ ನಮಾಜು ಮಾಡುತ್ತಿದ್ದಳು. ದಿಕ್ಕು ಯಾವುದೆಂದು ಹೆಲೆನ್ ಫೋನಿನಲ್ಲಿ ನೋಡಿ ತೋರಿಸಿದಾಗ, "ಇಲ್ಲೂ ಪಶ್ಚಿಮವೇ? ಇಷ್ಟು ದೂರ ಬಂದದ್ದು ದಂಡ" ಎಂದಿದ್ದಳು.

ಆ ಮನೆಯಲ್ಲಿದ್ದವರೆಲ್ಲ ವಯಸ್ಸಾದ ಸಿಸ್ಟರುಗಳು, ಎಲ್ಲರೂ ಸ್ವೆಟರು, ಸ್ಕರ್ಟು, ಬಿಳಿ ಕೂದಲು. ತಲೆ ಮುಚ್ಚಿಕೊಂಡು, ಉದ್ದ ಅಂಗಿ ತೊಟ್ಟು, ಕೈಯಲ್ಲಿ ತಸ್ಬೀಹಿನ ಮಣಿ ಎಣಿಸುತ್ತ ಓಡಾಡುವವಳು ಖತೀಜಕ್ಕ ಒಬ್ಬಳೇ. ಮರೆವಿನ ಕಾಯಿಲೆಯ ಸಿಸ್ಟರ್ ಡೊರತಿಗೆ ಅವಳೇ ಹಳೆಯ ಕಾಲದ ನಿಜವಾದ ಸಿಸ್ಟರಾಗಿ ಕಂಡಳು. ಎದುರಾದಾಗಲೆಲ್ಲ "ಗುಡ್ ಮಾರ್ನಿಂಗ್, ಸಿಸ್ಟರ್" ಎಂದು ಬಗ್ಗುವಳು. ಖತೀಜಕ್ಕ ಅವಳ ತಲೆ ಸವರಿ, "ಜೀತೀ ರಹೋ" ಎಂದು ಮುಂದೆ ಹೋಗುವಳು. ಇಬ್ಬರಿಗೂ ಅದರಿಂದ ಒಳ್ಳೆಯದೇ ಆಯಿತು.

ಭಾನುವಾರ

ಮನೆಯೊಳಗೇ ಚಾಪೆಲ್. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದೆ, ನಮ್ಮ ಇಗರ್ಜಿಯಲ್ಲಿ ಮಾಡುವ ಹಾಗೆ. ನೆಲಕ್ಕೆಲ್ಲ ಕಾರ್ಪೆಟ್, ಹೆಜ್ಜೆಗೆ ಸದ್ದಿಲ್ಲ. ಸಾಂಬ್ರಾಣಿ ಇಲ್ಲ, ಮೇಣದ ವಾಸನೆಯೂ ಇಲ್ಲ, ಬತ್ತಿಗಳು ಬ್ಯಾಟರಿಯವು. ಹಿಂದಿನ ಬೆಂಚಿನಲ್ಲಿ ಕೂತ ಖತೀಜಕ್ಕ ಪಿಸುಗುಟ್ಟಿದಳು, "ಇಲ್ಲಿ ದೇವ್ರಿಗೆ ಮೂಗಿಲ್ವನೇ?" ನಮ್ಮ ಕಡೆ ದರ್ಗಾದ ಲೋಬಾನ, ಸೋಂದಾದ ಮಠದ ಗಂಧ, ಇಗರ್ಜಿಯ ಸಾಂಬ್ರಾಣಿ, ಕಣ್ಣು ಕಟ್ಟಿ ಬಿಟ್ಟರೂ ಎಲ್ಲಿ ನಿಂತಿದ್ದೇವೆಂದು ಹೇಳಬಹುದು. ಅಲ್ಲಿ ನನಗೆ ಕಣ್ಣು ಬಿಟ್ಟರೂ ಗೊತ್ತಾಗಲಿಲ್ಲ. ಹಾಡು ಶುರುವಾದ ಮೇಲೆ ಸರಿಹೋಯಿತು. ಅದೇ ರಾಗ, ಬೋರ್ಡಿಂಗಿನಲ್ಲಿ ಸಿಸ್ಟರ್ ಮೋನಿಕಾ ಹಾರ್ಮೋನಿಯಂ ಒತ್ತಿ ಕಲಿಸಿದ್ದು. ನಾನು ಎರಡನೆಯ ಸ್ವರ ಹಾಡಿದೆ, ಮುದುಕಿಯರೆಲ್ಲ ತಿರುಗಿ ನೋಡಿದರು.

ಪ್ರಸಾದಕ್ಕೆ ಹೋದಾಗ ಯುವ ಪಾದ್ರಿ ನನ್ನ ಸೀರೆ, ಮುಡಿಯ ಹೂ, ಕೈತುಂಬ ಬಳೆ, ಬರಿಗಾಲು ನೋಡಿದ. ರೊಟ್ಟಿ ಕೊಡುವ ಬದಲು ಹಣೆಯ ಮೇಲೆ ಕೈಯಿಟ್ಟು ಆಶೀರ್ವದಿಸಲು ಹೊರಟ. ಬೇರೆ ಧರ್ಮದ ಅತಿಥಿಗಳಿಗೆ ಹಾಗೆ ಮಾಡುವುದು ಅಲ್ಲಿನ ರೂಢಿಯಂತೆ. ನಾನು ಸೆರಗಿನೊಳಗಿಂದ ಕರಿಮಣಿ ಎಳೆದು, ಅದರ ತುದಿಯ ಶಿಲುಬೆ ತೋರಿಸಿ, ಕೈ ಮುಂದೆ ಮಾಡಿದೆ. ಅವನ ಕಿವಿ ಕೆಂಪಾಯಿತು. "ಆಮೆನ್" ಎಂದೆ, ಹಿಂದಿನ ಬೆಂಚಿಗೆ ಕೇಳುವಂತೆ. ಮುಗಿದ ಮೇಲೆ ಬಾಗಿಲಲ್ಲಿ ನಿಂತಿದ್ದ ಅವನು ಖತೀಜಕ್ಕನ ಕೈಕುಲುಕಿ, ನೀವು ಬಂದದ್ದು ಸಂತೋಷ ಸಿಸ್ಟರ್, ಯಾವ ಸಂಸ್ಥೆಯವರು ನೀವು ಎಂದು ಕೇಳಿದ.

"ಎಂತ ಹೇಳ್ದ?" ಎಂದಳು. ಹೇಳಿದೆ. ಅವಳು ನಕ್ಕು ನಕ್ಕು ಗೋಡೆ ಹಿಡಿದಳು. "ನಿಂಗೆ ಸರ್ಟಿಫಿಕೇಟ್ ಕೇಳ್ದ, ನಂಗೆ ಕೈ ಕೊಟ್ಟ. ಊರಿಗೆ ಹೋಗಿ ಲಕ್ಷ್ಮಿಗೆ ಹೇಳ್ಬೇಕು. ಅವಳು ಬಂದಿದ್ರೆ ಬಿಷಪ್ಪು ಮಾಡ್ತಿದ್ರು."

ಭಾನುವಾರ ಅಡುಗೆಯವಳಿಗೆ ರಜೆ. ಮಧ್ಯಾಹ್ನಕ್ಕೆ ತಣ್ಣನೆಯ ಸ್ಯಾಂಡ್‌ವಿಚ್ ಮುಚ್ಚಿಟ್ಟು ಹೋಗಿರುತ್ತಾಳೆ. ಬಂದಾಗಿನಿಂದ ನಾವು ಅತಿಥಿಗಳು, ಯಾರೂ ಒಂದು ತಟ್ಟೆ ತೊಳೆಯಲು ಬಿಟ್ಟಿರಲಿಲ್ಲ. ಆ ದಿನ ಖತೀಜಕ್ಕನಿಗೆ ತಡೆಯಲಾಗಲಿಲ್ಲ. "ಬ್ರೆಡ್ ನೋಡಿ ನೋಡಿ ಕಣ್ಣು ಚೌಕ ಆತು. ನಾವೇ ಬೇಯ್ಸೂದು ಅಂತ ಹೇಳೇ."

ಹೇಳಿದೆ. ಹೆಲೆನ್ ಹಲಾಲ್ ಕೋಳಿಯನ್ನೂ ತೆಂಗಿನಹಾಲಿನ ಡಬ್ಬಿಯನ್ನೂ ತಂದಳು. ಅಕ್ಕಿ ಅಲ್ಲಿಯೇ ಇತ್ತು. ನಾನು ಈರುಳ್ಳಿ ಹೆಚ್ಚಿದೆ, ಖತೀಜಕ್ಕ ಮಸಾಲೆ ಹುರಿದಳು. ಹೊಗೆಗೆ ಕೂಗುವ ಯಂತ್ರವೊಂದು ಮಾಡಿನಲ್ಲಿ ಕೂಗಿಯೇ ಕೂಗಿತು. ವಾಕರ್ ತಳ್ಳಿಕೊಂಡು ಎಲ್ಲ ಕೋಣೆಗಳಿಂದಲೂ ಮುದುಕಿಯರು ಹೊರಬಂದರು, ಬೆಂಕಿ ಎಂದು ಹೆದರಿ ಅಲ್ಲ, ವಾಸನೆಗೆ. ಪಾದ್ರಿಯೂ ಹೋಗುವವನು ಹೋಗಲಿಲ್ಲ. ಖತೀಜಕ್ಕ ಸೌಟು ಹಿಡಿದು ಒಬ್ಬೊಬ್ಬರಿಗೂ ಬಡಿಸಿದಳು. ಸಿಸ್ಟರ್ ಮೋನಿಕಾ ಕೈಯಲ್ಲಿ ಕಲಸಿ ಉಂಡರು, ಪಕ್ಕದವರಿಗೂ ಹೇಗೆ ಕಲಸಬೇಕೆಂದು ತೋರಿಸಿದರು.

ಎಲ್ಲರಿಗೂ ಆಗಿ, ನಾವು ಅಡುಗೆಮನೆಯಲ್ಲಿ ಉಣ್ಣಲು ಕೂತಿದ್ದೆವು. ಬಾಗಿಲಲ್ಲಿ ಡೊರತಿ ಬಂದು ನಿಂತಳು, ಖಾಲಿ ತಟ್ಟೆ ಹಿಡಿದುಕೊಂಡು. ಇಪ್ಪತ್ತೋ ಮೂವತ್ತೋ ವರ್ಷದಿಂದ ಆ ಮನೆಯಲ್ಲಿರುವವಳು. ಹೊಸ್ತಿಲ ಆಚೆಯೇ ನಿಂತು ಖತೀಜಕ್ಕನನ್ನು ಕೇಳಿದಳು, "ಸಿಸ್ಟರ್, ನಾನು ಒಳಗೆ ಬರಬಹುದೇ? ಇನ್ನು ಸ್ವಲ್ಪ ಇದೆಯೇ?"

ನಾನು ಕನ್ನಡದಲ್ಲಿ ಹೇಳಿದೆ. ಖತೀಜಕ್ಕನ ಕೈ ತುತ್ತಿನೊಂದಿಗೆ ನಿಂತಿತು. ತುತ್ತು ತಟ್ಟೆಯಲ್ಲಿಟ್ಟು ಎದ್ದಳು, ಡೊರತಿಯ ಕೈ ಹಿಡಿದು ಒಳಗೆ ಕರೆತಂದು, ಕುರ್ಚಿ ಎಳೆದು ಕೂರಿಸಿ, ತುಂಬ ಬಡಿಸಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಅವಳ ಮನೆ ಒಳಗೆ ಬರೂಕೆ ಅವಳು ನನ್ನ ಕೇಳ್ತಾಳೆ. ಹಂಗಾರೆ ಈ ಒಲೆ ಈಗ ಯಾರದ್ದೇ ಫಿಲೋಮಿ?"

ಕೇಳುತ್ತಲೇ ಅವಳು ಅಕ್ಕಿಯ ಚೀಲಕ್ಕೆ ಕೈ ಹಾಕಿದ್ದಳು. ದುಪ್ಪಟ್ಟಾದ ತುದಿಗೆ ಕಟ್ಟಿಕೊಂಡು, "ನಾಲ್ಕು ಜನಕ್ಕೆ ಬೇಯ್ಸಿ ಬಡಿಸಿದ್ಮೇಲೆ ನಮ್ದೇ ಮನೆ. ಇದ್ರ ಮೇಲೆ ಯಾವ ಮುತ್ತಜ್ಜಿ ಬಂದು ಕೇಳಿದ್ರೂ ಹೇಳ್ತೆ" ಎಂದಳು.

ಸಿಸ್ಟರ್ ಮೋನಿಕಾ ಅವರ ಕೋಣೆಯಲ್ಲಿ ಕೌದಿ ಹಾಸಿದೆವು. ಖತೀಜಕ್ಕ ಒಂದು ಚಿಟಿಕೆ ಹಾಕಿದಳು, ನಾನೊಂದು ಹಾಕಿದೆ. ಮೂರನೆಯದನ್ನು ಲಕ್ಷ್ಮಿಯ ಹೆಸರು ಹೇಳಿ ಖತೀಜಕ್ಕನೇ ಹಾಕಿದಳು. "ಆನೂ ಹಾಕ್ತೆ" ಎಂದು ಸಿಸ್ಟರ್ ಕೈ ಚಾಚಿದರು. "ಹೊದ್ಕೊಳ್ಳೋರು ಹಾಕೂ ಹಂಗಿಲ್ಲ, ಸುಮ್ನೆ ಕೂತ್ಕೊಳ್ಳಿ" ಎಂದು ಖತೀಜಕ್ಕ ಗದರಿದಳು. ಅವರು ಗದರಿಸಿಕೊಂಡ ಹುಡುಗಿಯಂತೆ ಕೈ ಹಿಂದೆ ತೆಗೆದರು. ಬಿಚ್ಚಿಟ್ಟಿದ್ದ ಅದೇ ದಾರದಲ್ಲಿ ಬಾಯಿ ಮುಚ್ಚಿತು.

ಅವರ ತೊಡೆಯ ಮೇಲೆ ಹರಡಿದಾಗ ಸಿಸ್ಟರ್ ಮೊದಲು ಮೂಗಿಗೆ ಹಿಡಿದರು. ಹೊಗೆ, ಸೀಗೆಕಾಯಿ, ಖತೀಜಕ್ಕನ ಪೆಟ್ಟಿಗೆಯ ಅತ್ತರು. ಆಮೇಲೆ ಎರಡೂ ಕೈಯಿಂದ ಓದುವಂತೆ ಸವರುತ್ತ ಹೋದರು. ಚಂದ್ರ ಸಿಕ್ಕಿತು, "ಖತೀಜಂದು". ಗಂಟೆ ಸಿಕ್ಕಿತು, "ಇದು ಲಕ್ಷ್ಮಿ". ಶಿಲುಬೆಯ ಹತ್ತಿರ ಬೆರಳು ಎರಡು ಸಲ ಓಡಾಡಿತು.

"ಫಿಲೋಮಿನ, ಇದು ಸೊಟ್ಟ ಇದ್ದು. ನಿನ್ನ ಗೆರೆ ಇನ್ನೂ ನೆಟ್ಟಗೆ ಬೈಂದಿಲ್ಲೆ."

ಮಂಚದ ಮೇಲೆ ಮಲಗಿಸಿ ಹೊದೆಸಿದೆವು. "ಭಾರ ಇದ್ದು" ಎಂದರು, ತುಂಬ ಸಮಾಧಾನದಿಂದ. ಫೂಲಾದ ಒಂದು ಮೂಲೆ ಮುಷ್ಟಿಯಲ್ಲಿತ್ತು. ನಾವು ಕಿಟಕಿಯ ಪರದೆ ಎಳೆಯುವಷ್ಟರಲ್ಲಿ ಉಸಿರು ದೀರ್ಘವಾಗಿತ್ತು. ಸಂಜೆಯ ಚಹಾಕ್ಕೆ ಅವರನ್ನು ಎಬ್ಬಿಸಲು ಯಾರಿಗೂ ಮನಸ್ಸು ಬರಲಿಲ್ಲ. ಹೆಲೆನ್ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡಳು. ಖತೀಜಕ್ಕ ಮಂಚದ ಪಕ್ಕದ ಕುರ್ಚಿಯಲ್ಲಿ ಕಾಲು ಮೇಲಿಟ್ಟುಕೊಂಡು ಕೂತು, ಇಡೀ ಯಲ್ಲಾಪುರ ತಾಲೂಕು ತನ್ನದೆಂಬಂತೆ ಕೌದಿಯನ್ನು ನೋಡುತ್ತಿದ್ದಳು. ನನಗೂ ಹಾಗೇ ಅನ್ನಿಸುತ್ತಿತ್ತು.

ಹೊರಟ ಬೆಳಿಗ್ಗೆ

ಬೀಳ್ಕೊಡುವಾಗ ಅಳಬಾರದು, ಅದು ಬ್ಯಾಡ್ ಮ್ಯಾನರ್ಸ್ ಎಂದು ನಮಗೆ ಕಲಿಸಿದವರು ಅವರೇ. ಹಾಗಾಗಿ ಕೈ ಹಿಡಿದು, ಹೋಗಿ ಬರುತ್ತೇನೆ ಎಂದಷ್ಟೇ ಹೇಳಿ ಹೊರಗೆ ಬಂದೆ. ಪೆಟ್ಟಿಗೆಗಳನ್ನು ಹೆಲೆನ್ ಕಾರಿಗೆ ಹಾಕುತ್ತಿದ್ದಳು. ಖತೀಜಕ್ಕ ಹಿಂದಿನ ಸೀಟಿನಲ್ಲಿ ಆಗಲೇ ಕಣ್ಣು ಮುಚ್ಚಿದ್ದಳು, ಅವಳಿಗೆ ಕಾರಿನ ತಲೆಸುತ್ತು. ನಾನು ಮಾತ್ರ ತಿರುಗಿ ನೋಡಿದೆ. ಸಿಸ್ಟರ್ ಮೋನಿಕಾ ಅವರನ್ನು ನಾನು ಕೊನೆಯ ಸಲ ನೋಡಿದ್ದು ಆಗ.

ಅವರನ್ನು ವರಾಂಡದ ಬಿಸಿಲಿಗೆ ತಂದು ಕೂರಿಸಿದ್ದರು. ಎರಡೂ ಪಕ್ಕದಲ್ಲಿ ಬೇರೆ ಸಿಸ್ಟರುಗಳು, ಕೊನೆಯಲ್ಲಿ ಡೊರತಿ. ಕೌದಿ ದೊಡ್ಡದಲ್ಲವೇ, ಎಲ್ಲರ ಮೊಣಕಾಲ ಮೇಲೂ ಬಂದಿತ್ತು. ಕಣ್ಣು ಕಾಣದ ಅವರು ತಮ್ಮ ಸುತ್ತ ಯಾರಿದ್ದಾರೆಂದು ಕೈಯಿಂದ ತಡವಿ ನೋಡಿ, ಬಂದವರನ್ನು ಸರಿಯಾಗಿ ಕೂರಿಸಿಕೊಂಡು, ಸಿರ್ಸಿಯ ಕಡೆ ಮನೆಗೆ ಬಂದ ನೆಂಟರನ್ನು ಮೊದಲು ಕೇಳುವ ಬಾಯಾರಿಕೆಯ ಮಾತನ್ನು ಕೇಳುತ್ತಿದ್ದರು, "ಆಸ್ರಿಗೆ ಎಂತ ಕುಡಿತ್ರಿ?" ಆ ಮುದುಕಿಯರಿಗೆ ಒಂದಕ್ಷರವೂ ತಿಳಿಯುವಂತಿರಲಿಲ್ಲ. ಒಬ್ಬೊಬ್ಬರೂ ಕೌದಿಯ ಅಂಚನ್ನು ಎದೆಯ ತನಕ ಎಳೆದುಕೊಂಡು, ಹೌದು, ಹೌದು ಎಂದು ತಲೆಯಾಡಿಸುತ್ತಿದ್ದರು.